ಮಣಿಕಟ್ಟಿನಲ್ಲಿ ಅಣ್ಣ

ಮನೆ, ಹೊಲಿಗೆ ಯಂತ್ರದ ಪಕ್ಕ
ಒಂಬತ್ತನೇ ತಾರೀಕು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಚಳಿ ಆಗುತ್ತಿಲ್ಲ ತಾನೆ? ನಾವಿಬ್ಬರೂ ಚೆನ್ನಾಗಿದ್ದೇವೆ. ಅಮ್ಮನ ಮಂಡಿನೋವು ಹಾಗೇ ಇದೆ, ಅವಳ ಬಾಯಿಯೂ ಹಾಗೇ ಇದೆ. ನನ್ನ ತಲೆಯಲ್ಲಿ ಮತ್ತೆ ಕೂದಲು ಬಂದಿದೆ. ಮೊದಲು ದಾರದ ಹಾಗೆ ನೇರವಾಗಿತ್ತಲ್ಲ, ಈಗ ನಿನ್ನದರ ಹಾಗೆ ಸುರುಳಿ ಸುರುಳಿ. ಔಷಧಿಯಿಂದ ಹಾಗಾಗುತ್ತದೆ ಎಂದು ಡಾಕ್ಟರಮ್ಮ ಹೇಳಿದರು. ಅಮ್ಮ ನಂಬುವುದಿಲ್ಲ. ಈ ಕಾಗದವನ್ನು ಯಾವ ವಿಳಾಸಕ್ಕೆ ಹಾಕಬೇಕೋ ನನಗೆ ಗೊತ್ತಿಲ್ಲ. ನಿಮ್ಮ ಹೂಳೆತ್ತುವ ದೋಣಿ ಬಂದರಿನ ಬಾಯಲ್ಲಿ ಮಗುಚಿದಾಗ ಉಳಿದವರೆಲ್ಲ ಈಜಿ ದಡ ಸೇರಿದರು, ನೀನೊಬ್ಬ ಸಿಗಲಿಲ್ಲ. ಆದರೂ ಬರೆಯುತ್ತಿದ್ದೇನೆ. ಬಾಯಿ ಬಿಟ್ಟು ಹೇಳಲಾಗದ್ದನ್ನು ನಾನು ಮೊದಲಿನಿಂದಲೂ ನಿನಗೆ ಚೀಟಿ ಬರೆದೇ ಹೇಳಿದವಳಲ್ಲವೇ.

ಆಸ್ಪತ್ರೆಯ ದಿನಗಳು ಈಗೀಗ ಬಹಳ ನೆನಪಾಗುತ್ತವೆ. ನನ್ನ ಕುತ್ತಿಗೆಯ ಗಂಟಿಗೆ ಲಿಂಫೋಮಾ ಎಂದು ಹೆಸರು ಹೇಳಿದರು, ಕೀಮೋ ಕೊಟ್ಟು ಕರಗಿಸಿದರು, ಅದು ನಾಚಿಕೆಯಿಲ್ಲದ ನೆಂಟನ ಹಾಗೆ ಮತ್ತೆ ಬಂತು. ಆಗ ಡಾಕ್ಟರಮ್ಮ ನಿನ್ನನ್ನು ಕೂರಿಸಿಕೊಂಡು, "ಇವಳ ಮೂಳೆಯೊಳಗಿನ ಮಜ್ಜೆನ ಔಷಧಿಯಿಂದ ಪೂರ್ತಿ ಖಾಲಿ ಮಾಡ್ತೀವಿ. ಆಮೇಲೆ ನಿಮ್ಮ ಸ್ಟೆಮ್ ಸೆಲ್ ಹಾಕ್ತೀವಿ. ಅದು ರಕ್ತದ ಬೀಜ ಇದ್ದ ಹಾಗೆ. ಬೇರು ಹಿಡಿದ್ರೆ ಇವಳ ಮೈಯಲ್ಲಿ ಇನ್ಮೇಲೆ ಓಡೋದು ನಿಮ್ಮ ರಕ್ತಾನೇ" ಎಂದರು. ನೀನು, "ಹಾಗಾದ್ರೆ ಇನ್ಮೇಲಾದ್ರೂ ಇವಳು ಸ್ವಲ್ಪ ಜೋರಾಗಿ ಮಾತಾಡ್ತಾಳಾ ಡಾಕ್ಟ್ರೇ?" ಎಂದೆ. ಅಮ್ಮನೂ ನಕ್ಕುಬಿಟ್ಟಳು. ನಿನ್ನ ಒಂದು ತೋಳಿನಿಂದ ರಕ್ತ ಯಂತ್ರಕ್ಕೆ ಹೋಗಿ ಇನ್ನೊಂದು ತೋಳಿಗೆ ವಾಪಸು ಬರುತ್ತಿದ್ದಾಗ ನೀನು ಗೊರಕೆ ಹೊಡೆದೆಯಂತೆ, ನರ್ಸಕ್ಕ ಹೇಳಿದಳು. ನಿನ್ನ ಸ್ಟೆಮ್ ಸೆಲ್ ತುಂಬಿದ, ಹಳೇ ಇಟ್ಟಿಗೆಯ ಬಣ್ಣದ ಆ ಚಿಕ್ಕ ಚೀಲವನ್ನು ನನ್ನ ತಲೆಯ ಮೇಲೆ ತೂಗುಹಾಕಿದಾಗ ಇಷ್ಟೇನಾ ಅನ್ನಿಸಿತು. ನೀನು ಗಾಜಿನ ಆಚೆ ನಿಂತು, ಮುಖಕ್ಕೆ ಮಾಸ್ಕ್ ಹಾಕಿಕೊಂಡು, ಬೆರಳಿನಿಂದ ಗಾಜಿಗೆ ಟಕ್ ಟಕ್ ಎಂದು ಬಡಿಯುತ್ತಿದ್ದೆ. ಮೊದಲ ಹನಿ ನನ್ನೊಳಗೆ ಇಳಿದಾಗಲೂ ಅದೇ ಸದ್ದು ಕೇಳಿತು. ಈಗಲೂ ದಿಂಬಿಗೆ ಕಿವಿ ಇಟ್ಟು ಮಲಗಿದರೆ ನನ್ನ ನಾಡಿ ಹಾಗೇ ಬಡಿಯುತ್ತದೆ.

ಬೀಜ ಬೇರು ಹಿಡಿಯಿತು. ನನ್ನ ರಕ್ತದ ಗುಂಪೇ ಬದಲಾಗಿ ನಿನ್ನ ಗುಂಪಾಯಿತು. ಅಂಗಡಿಯಲ್ಲಿ ಟೈಲರ್ ಮಾಮ ಕೊಟ್ಟ ಕಡಲೆಬೀಜ ತಿಂದೆ. ಚಿಕ್ಕಂದಿನಲ್ಲಿ ನಿನಗೆ ಆಗುತ್ತಿತ್ತಲ್ಲ, ಹಾಗೆ ತುಟಿ ದಪ್ಪಗೆ ಊದಿಕೊಂಡಿತು. ಅಂಥದ್ದೆಲ್ಲ ಆಗುವುದುಂಟು ಎಂದು ಡಾಕ್ಟರಮ್ಮ ಹೇಳಿದರು. ಆದರೆ ಇನ್ನೊಂದನ್ನು ಅವರಿಗೆ ಹೇಳಲಿಲ್ಲ. ನಿಮ್ಮ ದೋಣಿ ಮಗುಚಿದ ಮಧ್ಯಾಹ್ನ ನಾನು ಅಂಗಡಿಯಲ್ಲಿ ಷರ್ಟಿಗೆ ಕಾಜಾ ಹೊಲಿಯುತ್ತಿದ್ದೆ. ಇದ್ದಕ್ಕಿದ್ದಂತೆ ಬಾಯಿ ತುಂಬ ಕೆಸರಿನ ರುಚಿ. ಉಪ್ಪುಪ್ಪು, ಮರಳು ಮರಳು. ಹೊರಗೆ ಓಡಿ ಉಗಿದೆ, ಬರೀ ಎಂಜಲು. ಬಾಯಿ ಮುಕ್ಕಳಿಸಿ ಒಳಗೆ ಬರುವಷ್ಟರಲ್ಲಿ ಮಾಮನ ಫೋನು ಬಡಿದುಕೊಳ್ಳುತ್ತಿತ್ತು.

ಅಂದಿನಿಂದ ಅಮ್ಮ ಒಂದು ಅಭ್ಯಾಸ ಮಾಡಿಕೊಂಡಿದ್ದಾಳೆ. ದಿನಾ ಒಲೆಯ ಮುಂದೆ ಕೈ ಕಾಯಿಸಿಕೊಂಡು ಬಂದು ನನ್ನ ಮಣಿಕಟ್ಟು ಹಿಡಿದು ಕೂರುತ್ತಾಳೆ. "ಏನೋ, ಊಟ ಆಯ್ತೇನೋ? ಎಲ್ಲೋ ಹಾಳಾಗಿ ಹೋಗಿದ್ದೀಯ?" ಎಂದು ಕೇಳುವುದು ನನ್ನನ್ನಲ್ಲ, ನಿನ್ನನ್ನು. ನನ್ನ ಮುಖ ನೋಡುವುದೇ ಇಲ್ಲ. ನಾಡಿ ಬಡಿದರೆ ಅದೇ ನಿನ್ನ ಉತ್ತರ. ಈ ರಕ್ತ ಬೆಚ್ಚಗಿರುವವರೆಗೆ ನೀನೂ ಎಲ್ಲೋ ಬೆಚ್ಚಗಿದ್ದೀಯ ಎಂದು ಅವಳ ಲೆಕ್ಕ. ನಾನು ಸ್ವೆಟರ್ ಇಲ್ಲದೆ ಬಾಗಿಲಿಗೆ ಹೋದರೂ, "ಅವನಿಗೆ ಶೀತ ಆಗುತ್ತೆ ಕಣೇ" ಎಂದು ಬೈಯುತ್ತಾಳೆ. ನನಗೆ ನಗು ಬರುತ್ತದೆ, ಆಮೇಲೆ ಹೆದರಿಕೆಯಾಗುತ್ತದೆ.

ಹೋದ ತಿಂಗಳು ಬಂದರಿನ ತಡೆಗೋಡೆಯ ಕಲ್ಲುಗಳ ನಡುವೆ ಒಂದು ಹೆಣ ಸಿಕ್ಕಿತು. ನೀರಿನಲ್ಲಿ ಬಹಳ ದಿನ ಇದ್ದದ್ದು, ನೋಡಿ ಗುರುತಿಸುವ ಹಾಗಿಲ್ಲವಂತೆ. ಡಿಎನ್‌ಎ ಹೋಲಿಸಿ ನೋಡಲು ಮನೆಯವರ ರಕ್ತ ಬೇಕು, ಯಾರದ್ದೂ ಹೊಂದದಿದ್ದರೆ ಹೆಸರಿಲ್ಲದವನೆಂದು ಮಣ್ಣು ಮಾಡುತ್ತೇವೆ ಎಂದು ಬಂದರಿನ ಪೊಲೀಸಪ್ಪ ಹೇಳಿದ. ಅಮ್ಮ ಸೆರಗಿನಲ್ಲಿ ಎರಡೂ ಕೈ ಮುಚ್ಚಿಕೊಂಡು, "ನಾನು ಕೊಟ್ರೆ ಅವನು ಸತ್ತ ಅಂತ ಒಪ್ಕೊಂಡ ಹಾಗೆ. ಕೊಡಲ್ಲ" ಎಂದಳು. ಪೊಲೀಸಪ್ಪ ನನ್ನ ಕಡೆ ತಿರುಗಿ, "ಒಡಹುಟ್ಟಿದವಳೇನಮ್ಮಾ?" ಎಂದ. ನಾನು ಹೌದೆಂದು ತಲೆ ಆಡಿಸಿ ತೋಳು ಚಾಚಿದೆ. ಕಾಯಿಲೆಯ ವಿಷಯ ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೊಸಬರ ಮುಂದೆ ನನ್ನ ನಾಲಗೆ ಹೇಗೆಂದು ನಿನಗೆ ಗೊತ್ತಲ್ಲ. ಅದರ ಸುದ್ದಿಗೇ ಕಾಯುತ್ತಿದ್ದೇನೆ. ಅದು ನೀನಾಗಿರದಿರಲಿ.

ಅಮ್ಮ ನಿನಗೆ ಒಂದು ಆಶೀರ್ವಾದ, ಎರಡು ಬೈಗುಳ ಹೇಳಿದ್ದಾಳೆ. ಎಲ್ಲಿದ್ದರೂ ಮೈ ಬೆಚ್ಚಗಿಟ್ಟುಕೋ.

ನಿನ್ನ ತಂಗಿ,
ಗುಂಡುಸೂಜಿ

ತಾ.ಕ.: ಕಾಗದ ಮಡಚುವಷ್ಟರಲ್ಲಿ ಪೊಲೀಸಪ್ಪ ಬಂದು ಹೋದ. "ಎಡವಟ್ಟಾಗಿದೆ ಕಣಮ್ಮಾ. ನಿನ್ನ ಶೀಸೇಲಿರೋದು ತಂಗಿ ರಕ್ತಾನೇ ಅಲ್ವಂತೆ. ಗಂಡಸಿನದು, ಅದೂ ಆ ಸಿಕ್ಕವನದ್ದೇ ಅಂತೆ. ಲ್ಯಾಬಿನವ್ರು ಅದಲುಬದಲು ಮಾಡ್ಕೊಂಡಿದ್ದಾರೆ, ನಾಳೆ ಇನ್ನೊಂದ್ಸಲ ತಗೋತೀವಿ" ಎಂದ. ಅಮ್ಮ ದೋಣಿ ಮಗುಚಿದ ಮೇಲೆ ಮೊದಲ ಸಲ ನಕ್ಕಳು. "ಗಂಡು ಯಾವುದು ಹೆಣ್ಣು ಯಾವುದು ತಿಳಿಯದವ್ರು ನನ್ನ ಮಗನ್ನ ಗುರುತಿಸ್ತಾರಂತೆ!" ಎಂದು ಒಳಗೆ ಹೋದಳು. ಏನೂ ಅದಲುಬದಲಾಗಿಲ್ಲ ಅಣ್ಣಾ. ಶೀಸೆಯಲ್ಲಿದ್ದದ್ದು ನೀನೇ, ಕಲ್ಲುಗಳ ನಡುವೆ ಇದ್ದದ್ದೂ ನೀನೇ. ನಾಳೆ ಮತ್ತೆ ತೆಗೆದರೂ ಶೀಸೆಗೆ ಬರುವುದು ನಿನ್ನ ರಕ್ತವೇ, ನಾನು ಬಾಯಿ ಬಿಡದಿದ್ದರೆ ಅವರು ನಿನ್ನನ್ನು ಹೆಸರಿಲ್ಲದೆ ಮಣ್ಣು ಮಾಡುತ್ತಾರೆ. ಅಮ್ಮ ಒಲೆಯ ಮುಂದೆ ಕೈ ಕಾಯಿಸಿಕೊಳ್ಳುತ್ತಿದ್ದಾಳೆ, ಈಗ ಬರುತ್ತಾಳೆ. ಮಣಿಕಟ್ಟು ಹಿಡಿದು ಎಲ್ಲಿದ್ದೀಯೋ ಎಂದು ಕೇಳುತ್ತಾಳೆ. ಈ ಸಲ ಉತ್ತರ ಹೇಳಬೇಕು. ನನ್ನ ಗಂಟಲಿನಿಂದ ಆಗುವುದಿಲ್ಲ. ನೀನೇ ಸ್ವಲ್ಪ ಜೋರಾಗಿ ಮಾತಾಡು.