ಇನ್ನೊಂದು ಕೌದಿ

ಹಗರಿಬೊಮ್ಮನಹಳ್ಳಿ
ಸೋಮವಾರ

ಅವ್ವಾ,

ಅಂಕಿತಾಳ ಮದುವೆಗೆ ನೀನು ಹೊಲಿದ ಕೌದಿಯ ಫೋಟೋ ನೋಡಿದೆ. ನಾನೂ ಅವಳೂ ಹುಟ್ಟಿದಾಗ ನಮ್ಮನ್ನು ಒಟ್ಟಿಗೆ ಸುತ್ತಿದ್ದ ಹಸಿರು ಸೀರೆಯನ್ನೂ ಅದಕ್ಕೇ ಹಾಕಿಬಿಟ್ಟಿದ್ದೀಯ. ಅದರಲ್ಲಿ ಅರ್ಧ ನನ್ನದು. ಹೊಟ್ಟೆಕಿಚ್ಚಾಯಿತು, ಮುಚ್ಚಿಡುವುದಿಲ್ಲ.

ನಾನು ಮೆಹನಾಜಳ ಜೊತೆಗೇ ಬಾಳುತ್ತೇನೆ, ಗಂಡು ನೋಡಬೇಡ ಎಂದಾಗ ನೀನು, "ಹೊಲಿಗಿ ಕ್ಲಾಸಿಗೆ ಕಳಿಸಿ ತಪ್ಪು ಮಾಡಿದೆ, ಆಕಿ ಸಂಗಕ್ಕ ಬಿದ್ದು ಹಿಂಗಾದಿ" ಅಂದೆ. ಆ ಕ್ಲಾಸಿನಲ್ಲಿ ಅಂಕಿತಾ ನಮ್ಮಿಬ್ಬರ ನಡುವೆಯೇ ಕೂತಿದ್ದಳು. ಆಮೇಲೆ, "ನನ್ನ ಹೊಟ್ಟ್ಯಾಗ ಏನರ ದೋಷ ಐತೇನೋ" ಎಂದು ಕಣ್ಣೀರು ಹಾಕಿದೆ. ಆ ಹೊಟ್ಟೆಯಲ್ಲೂ ಅವಳು ನನ್ನ ಜೊತೆಗೇ ಇದ್ದಳು. ಅಪ್ಪನಿಗೇ ನಮ್ಮ ಗುರುತು ಹತ್ತುತ್ತಿರಲಿಲ್ಲ. ಅವಳೇಕೆ ಹಾಗೆ, ನಾನೇಕೆ ಹೀಗೆ ಎಂಬುದು ನನಗೂ ಗೊತ್ತಿಲ್ಲ. ಅದು ಗೊತ್ತಾಗುವವರೆಗೆ ನಾನು ಕೌದಿ ಇಲ್ಲದೆ ಮಲಗಬೇಕೇ?

ಹೊಲಿಯಲು ನನಗೂ ಮೆಹನಾಜಳಿಗೂ ಬರುತ್ತದೆ, ಇಬ್ಬರೂ ಟೇಲರ್‌ಗಳೇ. ಆದರೆ ಮನೆ ಬಿಟ್ಟು ಹೋಗುವ ಮಗಳ ಕೌದಿಯನ್ನು ತಾಯಿಯೇ ಹೊಲಿಯಬೇಕು, ಅದು ಹಸಿದಿರಬಾರದೆಂದು ಮೂಲೆಯಲ್ಲಿ ಹೋಳಿಗೆಯ ಚೂರು ಇಟ್ಟು ಮುಚ್ಚಬೇಕು ಎಂದು ಹೇಳಿಕೊಟ್ಟವಳು ನೀನೇ. ನಾನೂ ಮನೆ ಬಿಟ್ಟು ಬಂದವಳು. ನನಗೂ ಒಂದು ಹೊಲಿ. ಆ ಹಸಿರು ಸೀರೆಯ ಅಂಚಾದರೂ ಉಳಿದಿದ್ದರೆ ಅದನ್ನು ಇದಕ್ಕೆ ಹಾಕು.

ಅಗಲ ಅಂಕಿತಾಳ ಕೌದಿಯಷ್ಟೇ ಇರಲಿ, ಇಬ್ಬರಿಗಾಗುವಷ್ಟು. ಉದ್ದ ಮಾತ್ರ ಒಂದು ಗೇಣು ಹೆಚ್ಚಿಗೆ ಬಿಡು. ಮೆಹನಾಜ ಎತ್ತರ ಇದ್ದಾಳೆ, ಕಾಲು ಹೊರಗೆ ಬರುತ್ತವೆ.

ಅಂಕಿತಾಳಿಗಿಂತ ಮೊದಲು ಹುಟ್ಟಿದ ನಿನ್ನ ಮಗಳು,
ಅಮೃತಾ