ಎಲೆಗೆ ಅಡ್ಡ ಹಿಡಿದ ಕೈ

ನನಗಿಂತ ಐದು ವರ್ಷ ದೊಡ್ಡವನಾಗಿದ್ದು, ಈಗ ನನಗಿಂತ ಚಿಕ್ಕವನಾಗಿಯೇ ಉಳಿದುಬಿಟ್ಟ ಅಣ್ಣನಿಗೆ,

ನನ್ನ ಮನೆಯ ಗೃಹಪ್ರವೇಶದ ಊಟದಿಂದಲೇ ಶುರು ಮಾಡುತ್ತೇನೆ. ಇಷ್ಟು ವರ್ಷ ಆ ದಿನವನ್ನು ಸುತ್ತಿ ಬಳಸಿ ದಾಟುತ್ತಲೇ ಬಂದಿದ್ದೇನೆ. ಏಕಸಂಬಿಯ ಹೊಸ ಮನೆಯ ಅಂಗಳದಲ್ಲಿ ಪಂಕ್ತಿ ಕೂತಿತ್ತು. ಗೋಧಿ ಹುಗ್ಗಿಯ ಬಕೆಟ್ ಹಿಡಿದು ಬಡಿಸುತ್ತಿದ್ದವನು ನಾನೇ. ನಿನ್ನ ಮುಂದೆ ಬಂದಾಗ ನೀನು ಎರಡೂ ಕೈಗಳನ್ನು ಎಲೆಯ ಮೇಲೆ ಅಡ್ಡ ಹಿಡಿದು, "ಸಾಕೋ ತಮ್ಮಾ, ಖರೇನ ಸಾಕು" ಅಂದೆ. ನಮ್ಮ ಕಡೆ ಮೊದಲ ಸಲ ಸಾಕು ಅಂದರೆ ಮರ್ಯಾದೆ, ಎರಡನೆಯ ಸಲ ನಾಚಿಕೆ, ಮೂರನೆಯ ಸಲ ಅಂದರೆ ಇನ್ನಷ್ಟು ಒತ್ತಾಯ ಮಾಡಲಿ ಎಂಬ ಆಸೆ. ಕೈ ಅಡ್ಡ ಬಂತೆಂದು ಮುಂದಿನ ಎಲೆಗೆ ಹೋದವನು ಜಿಪುಣ. "ನನ್ನ ಆಣಿ ಐತಿ, ಕೈ ತಗೀ" ಅಂದೆ ನಾನು. ನೀನು ತೆಗೆಯಲಿಲ್ಲ. ನಾನು ಸೌಟು ಬಗ್ಗಿಸಿದೆ.

ಬಿಸಿ ಹುಗ್ಗಿ ನಿನ್ನ ಕೈ ಮೇಲೆ ಬಿತ್ತು. ಪಂಕ್ತಿಯೆಲ್ಲ ನಕ್ಕಿತು. ನೀನೂ ನಕ್ಕೆ. ಆಮೇಲೆ ಕೈ ತೆಗೆದೆ, ಉಂಡೆ, ಇನ್ನೂ ನಾಲ್ಕು ಸೌಟು ಹಾಕಿಸಿಕೊಂಡೆ. ಸಂಜೆಗೆ ಬೆರಳ ಮೇಲೆಲ್ಲ ಗುಳ್ಳೆ ಎದ್ದಿದ್ದವು. ವೈನಿ ಗಂಡನ ಕೈಗೆ ತುಪ್ಪ ಸವರುತ್ತಿದ್ದಾಗ ನೀನು ನನ್ನ ಮುಖ ನೋಡಿದೆಯಲ್ಲ, ಆ ನೋಟಕ್ಕೆ ನಾನು ಏನು ಅರ್ಥ ಕಟ್ಟಿಕೊಂಡೆ ಗೊತ್ತೇ? ಊಟ ಚೆನ್ನಾಗಿತ್ತು ಅನ್ನುತ್ತಿದ್ದೀಯ ಎಂದು.

ನಿಪ್ಪಾಣಿಯ ಮದುವೆಯಲ್ಲಿ ನಿನ್ನ ತಲೆಗೆ ಫೇಟಾ ಸುತ್ತಿದ್ದು ನೆನಪಾಗುತ್ತದೆ. ಯಾರು ಹೆಚ್ಚು ಜಿಲೇಬಿ ತಿನ್ನುತ್ತಾರೆ ಎಂಬ ಪೈಜು ಗೆದ್ದಿದ್ದಕ್ಕೆ. ಮದುಮಗನಿಗಿಂತ ನಿನ್ನ ಸುತ್ತಲೇ ಹೆಚ್ಚು ಜನ. ಸಕ್ಕರೆ ಕಾರ್ಖಾನೆಯ ಕಾಟಾದಲ್ಲಿ ಕಬ್ಬಿನ ಗಾಡಿ ತೂಗುವ ಕೆಲಸ ನಿನ್ನದು. ನಿನ್ನ ಜೊತೆಯವನೊಬ್ಬ, "ಗಾಡಿ ಯಾಕ ಬೇಕ್ರಿ, ಅಣ್ಣಾರ ಕಾಟಾದ ಮ್ಯಾಲ ನಿಂತ್ರ ಒಂದ ಟ್ರಾಲಿ ಲೆಕ್ಕ ಆಕ್ಕೈತಿ" ಅಂದ. ಎಲ್ಲರಿಗಿಂತ ಜೋರಾಗಿ ನಕ್ಕವನು ನೀನು. ನಗದೆ ಇದ್ದಿದ್ದರೆ ಏನಾಗುತ್ತಿತ್ತು? ಒಮ್ಮೆಯಾದರೂ ನಗದೆ ಇದ್ದಿದ್ದರೆ...

ಚಿಕ್ಕೋಡಿ ಬಸ್ ಸ್ಟ್ಯಾಂಡಿನಲ್ಲಿ ನಿನ್ನನ್ನು ಕಂಡ ಮಧ್ಯಾಹ್ನವನ್ನು ಮಾತ್ರ ಇಷ್ಟು ದಿನ ಯಾರಿಗೂ ಹೇಳಿಲ್ಲ. ನೀನು ಒಂದು ಗಾಡಿಯ ಮುಂದೆ ನಿಂತು ವಡಾಪಾವ್ ತಿಂದೆ. ಕಾಗದ ಎಸೆದು, ಬಾಯಿ ಒರೆಸಿಕೊಂಡು, ಈಗಷ್ಟೇ ಬಸ್ಸಿನಿಂದ ಇಳಿದವನ ಹಾಗೆ ಎರಡನೆಯ ಗಾಡಿಗೆ ಹೋದೆ. ಅಲ್ಲಿಂದ ಮೂರನೆಯದಕ್ಕೆ. ಮೂರೂ ಗಾಡಿಯವರಿಗೆ ಮೂರು ಬೇರೆ ಮನುಷ್ಯರಾಗಿದ್ದೆ ನೀನು. ತಿನ್ನುವಾಗ ನಿನ್ನ ಮುಖದಲ್ಲಿ ರುಚಿಯ ಒಂದು ಗೆರೆಯೂ ಇರಲಿಲ್ಲ. ಯಾರೋ ಹಿಂದೆ ನಿಂತು ತಿನ್ನಿಸುತ್ತಿದ್ದಾರೆ ಅನ್ನುವಂತಿತ್ತು.

ಅವತ್ತು ಬಸ್ಸಿನಲ್ಲಿ ಪಕ್ಕದಲ್ಲೇ ಕೂತೆವು. ನಾನು ಕಂಡಿದ್ದೇನೆಂದು ನಿನಗೆ ತಿಳಿದಿತ್ತು. ನೀನೇ ಮಾತು ತೆಗೆದೆ.

"ನಿಲ್ಲಸಾಕ ಆಗವಲ್ದೋ. ಹೊಟ್ಟಿ ತುಂಬಿರತೈತಿ, ಕೈ ನಿಲ್ಲೂದಿಲ್ಲ. ತಿಂದ ಮ್ಯಾಲ ನನ್ನ ಮಾರಿ ನನಗ ನೋಡಾಕ ಆಗೂದಿಲ್ಲ."

"ಮನಸ್ಸು ಗಟ್ಟಿ ಮಾಡಬೇಕಪಾ ಅಣ್ಣಾ" ಅಂದೆ ನಾನು.

"ಕುಡಕಾ ಆದ್ರ ಅಂಗಡಿ ದಾರಿ ಬಿಟ್ಟ ಹೋಗಬೌದು. ನಾ ಅಡಗಿಮನಿ ಬಿಟ್ಟ ಎಲ್ಲಿ ಹೋಗ್ಲಿ?"

 ನಾನು ಕಿಟಕಿಯಾಚೆ ಯಾರದೋ ದ್ರಾಕ್ಷಿ ತೋಟ ತೋರಿಸಿ ಮಾತು ಬದಲಿಸಿದೆ.

ನಾನು ಓದಿದವನು ಅಣ್ಣಾ. ನನ್ನ ಮೇಲಿನ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಚಿಕ್ಕೋಡಿ ರಸ್ತೆಯ ತಗ್ಗಿನ ಬಗ್ಗೆ, ನದಿಗೆ ಬಿಡುವ ಹೊಲಸು ನೀರಿನ ಬಗ್ಗೆ ಪತ್ರಿಕೆಗಳಿಗೆ ಬರೆದವನು. ತಹಸೀಲ್ದಾರರ ಮುಂದೆ ನಿಂತು ವಾದ ಮಾಡಿದವನು. ಪಕ್ಕದ ಸೀಟಿನಲ್ಲಿ ಕೂತ ಅಣ್ಣ ಒಂದೇ ಒಂದು ಪ್ರಶ್ನೆ ಕೇಳಿದಾಗ ದ್ರಾಕ್ಷಿ ತೋಟ ತೋರಿಸಿದೆ. ಊರಿನ ಮೇಲೂ ಸಿಟ್ಟಿದೆ. ಕುಡಿತ ಬಿಟ್ಟವನನ್ನು ನಾವು ಮಠಕ್ಕೆ ಕರೆದೊಯ್ದು ಮಾಲೆ ಹಾಕಿಸುತ್ತೇವೆ. ತಿನ್ನುವುದರಲ್ಲಿ ಸಿಕ್ಕಿಬಿದ್ದವನಿಗೆ ಫೇಟಾ ಸುತ್ತಿ ಇನ್ನೊಂದು ಸೌಟು ಸುರಿಯುತ್ತೇವೆ, ಸಕ್ಕರೆ ಕಾಯಿಲೆ ಬಂದ ದಿನ ಅದೇ ಬಾಯಿಂದ "ನಾಲಿಗಿ ಮ್ಯಾಲ ಹಿಡಿತ ಇರಲಿಲ್ಲ" ಅನ್ನುತ್ತೇವೆ. ಮಿರಜದ ಡಾಕ್ಟರೂ ಹಾಗೇ. ಏನು ತಿನ್ನಬಾರದು ಎಂದು ಚೀಟಿ ಬರೆದುಕೊಟ್ಟರು. ಯಾಕೆ ತಿನ್ನುತ್ತೀರಿ ಎಂದು ಅವರೂ ಕೇಳಲಿಲ್ಲ. ನಮ್ಮಲ್ಲಾದರೂ ಯಾರು ಕೇಳಿದ್ದರು?

ನಿನ್ನ ಮಗಳು ಸವಿತಾಳ ಶಾಲೆಯ ಕಾರ್ಯಕ್ರಮದಲ್ಲಿ ಪ್ಲಾಸ್ಟಿಕ್ ಕುರ್ಚಿ ಮುರಿದು ನೀನು ಬಿದ್ದೆ. ಆಮೇಲೆ ಯಾವ ಸಭೆಯಲ್ಲೂ ನೀನು ಕೂತದ್ದನ್ನು ನಾನು ನೋಡಲಿಲ್ಲ, ಗೋಡೆಗೆ ಒರಗಿ ನಿಲ್ಲುತ್ತಿದ್ದೆ. ಮುಂದೆ ಸಭೆಗೆ ಬರುವುದನ್ನೇ ಬಿಟ್ಟೆ. ಗಡ್ಡ ಬಿಟ್ಟೆ. ಕೆಲಸಕ್ಕೆ ರಜೆ ಹಾಕಿ ಹಗಲೆಲ್ಲ ಗೊಬ್ಬರದ ಚೀಲದ ಕೋಣೆಯಲ್ಲಿ ಇರುತ್ತಿದ್ದೆ. ಅಲ್ಲಿ ಬೆಲ್ಲದ ಪೆಂಟೆ ಬಚ್ಚಿಟ್ಟಿದ್ದೀಯ ಎಂದು ಮನೆಯವರಿಗೆಲ್ಲ ಗೊತ್ತಿತ್ತು. ನೀನು ಅಳುತ್ತಿದ್ದೀಯ ಎಂಬುದು ಗೊತ್ತಿದ್ದದ್ದು ಸವಿತಾಳಿಗೆ ಮಾತ್ರ. ಬಾಗಿಲ ಹೊರಗೆ ಕೂತು ಪುಸ್ತಕ ಓದುತ್ತಿದ್ದಳಂತೆ, ಅಪ್ಪ ಒಬ್ಬನೇ ಇರಬಾರದೆಂದು. ಮೊನ್ನೆ ಹೇಳಿದಳು.

ಕಾಲಿನ ಗಾಯ ಮಾಯದೆ ನೀನು ಹೋದ ಮೇಲೂ ನಾವು ನಿನ್ನನ್ನು ಬಿಡಲಿಲ್ಲ. ಪ್ರತಿ ಮಹಾನವಮಿ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಹಿಡಿಯುವಾಗ ನಿನ್ನ ಫೋಟೋದ ಮುಂದೆ ಹುಗ್ಗಿ ರಾಶಿ ಹಾಕಿದೆವು. "ಅವರಿಗೆ ಹುಗ್ಗಿ ಅಂದ್ರ ಜೀವ" ಎಂದು ವೈನಿ ಪ್ರತಿ ವರ್ಷ ಅನ್ನುತ್ತಾಳೆ. ಅಡ್ಡ ಹಿಡಿಯಲು ಈಗ ನಿನಗೆ ಕೈಯೂ ಇಲ್ಲ.

ಈ ಪತ್ರ ಬರೆಯಬೇಕಾದದ್ದು ಈ ವರ್ಷದ ಅಮಾವಾಸ್ಯೆಯಿಂದ. ಸವಿತಾ ಈಗ ರಾಯಬಾಗದ ಹತ್ತಿರ ಒಂದು ಶಾಲೆಯಲ್ಲಿ ಟೀಚರ್. ಎರಡು ವರ್ಷದಿಂದ ಮೈ ಊದಿಕೊಂಡಿದೆ, ಮಾತು ಕಡಿಮೆಯಾಗಿದೆ. ಅಪ್ಪನ ಮೈಕಟ್ಟು ಅಂದುಕೊಂಡೆವು. ಪಂಕ್ತಿಯಲ್ಲಿ ಅವಳ ಎಲೆಯ ಮುಂದೆ ನಾನು ಬಕೆಟ್ ಹಿಡಿದು ನಿಂತೆ. ಅವಳು ಎರಡೂ ಕೈ ಅಡ್ಡ ಹಿಡಿದಳು. "ಸಾಕ್ರಿ ಕಾಕಾ" ಅಂದಳು. ತಲೆ ಎತ್ತಲಿಲ್ಲ.

ಪಕ್ಕದಲ್ಲಿ ಕೂತಿದ್ದ ಅವಳ ಸೋದರಮಾವ ಬಿಡಲಿಲ್ಲ. "ಹಾಕ್ರಿ, ಹಾಕ್ರಿ. ಅಪ್ಪನ ಹೆಸರಲೇ ಒಂದ ಸೌಟು. ಆಕಿ ಯಾರ ಮಗಳಂತ ತಿಳದೀರಿ?"

ಅಪ್ಪನ ಹೆಸರಿನಲ್ಲಿ. ನಿನ್ನ ಹೆಸರಿನಲ್ಲಿ, ಅಣ್ಣಾ. ಸೌಟು ನನ್ನ ಕೈಯಲ್ಲಿ ಅರ್ಧಕ್ಕೆ ಎದ್ದಿತ್ತು. ಅದನ್ನು ಬಕೆಟ್ಟಿನೊಳಗೆ ಇಳಿಸಿ ಮುಂದಿನ ಎಲೆಗೆ ಹೋದೆ.  ವೈನಿ ಒಳಗೆ ಹೋಗಿ ಕಣ್ಣೀರು ಹಾಕಿದಳು. ಗಂಡನ ಎಡೆಯ ದಿನ ಮಗಳಿಗೆ ಬಡಿಸದೆ ಅವಮಾನ ಮಾಡಿದೆ ಎಂದು ಇವತ್ತಿಗೂ ನನ್ನ ಜೊತೆ ಮಾತಿಲ್ಲ.

ಇಲ್ಲಿಗೆ ಮುಗಿದಿದ್ದರೆ ನಾನು ನಿನಗೆ ಹೆಮ್ಮೆಯಿಂದ ಬರೆಯುತ್ತಿದ್ದೆ. ಊಟವಾಗಿ ಎಲ್ಲರೂ ಅಡ್ಡಾದ ಮೇಲೆ ನೀರಿಗೆಂದು ಅಡುಗೆಮನೆಗೆ ಹೋದೆ. ಸವಿತಾ ನೆಲದ ಮೇಲೆ ಕೂತಿದ್ದಳು, ಹುಗ್ಗಿಯ ಪಾತ್ರೆ ತೊಡೆಯ ಮೇಲಿತ್ತು. ಬಸ್ ಸ್ಟ್ಯಾಂಡಿನಲ್ಲಿ ನಾನು ಕಂಡ ಅದೇ ಮುಖ. ಅದೇ ಕೈ.

"ನೀವು ಮುಂದ ಹೋದ್ರಿ ಕಾಕಾ" ಅಂದಳು. "ನಾ ಹಿಂದ ಬಂದು ತಿಂದೆ."

ನಾನು ಅವಳ ಪಕ್ಕ ನೆಲದ ಮೇಲೆ ಕೂತೆ. ಮನಸ್ಸು ಗಟ್ಟಿ ಮಾಡು ಅನ್ನಲಿಲ್ಲ. ಪಾತ್ರೆ ಕಿತ್ತುಕೊಳ್ಳಲಿಲ್ಲ. "ಯಾವಾಗಿಂದವ್ವಾ?" ಎಂದು ಕೇಳಿದೆ. ಅಣ್ಣಾ, ಆ ಒಂದು ಮಾತು ನಿನ್ನನ್ನು ಕೇಳಲು ಆ ಬಸ್ಸಿನಲ್ಲಿ ನನಗೆ ಇಡೀ ದಾರಿ ಇತ್ತಲ್ಲ...

ಅವಳು ಹೇಳಿದಳು. ಅಪ್ಪ ಸತ್ತ ವರ್ಷದಿಂದ. ಗೊಬ್ಬರದ ಕೋಣೆಯಲ್ಲಿ ಉಳಿದಿದ್ದ ಬೆಲ್ಲದಿಂದ ಶುರುವಾಯಿತಂತೆ.

ಬೆಳಗಾವಿಯಲ್ಲಿ ಮನಸ್ಸಿನ ಡಾಕ್ಟರೊಬ್ಬರು ಇಂಥದ್ದನ್ನೂ ನೋಡುತ್ತಾರಂತೆ. ಸೋಮವಾರಕ್ಕೆ ಹೆಸರು ಬರೆಸಿದ್ದೇನೆ. "ಜನ ಹುಚ್ಚಿ ಅಂತಾರ" ಅಂದಳು. "ಫೇಟಾ ಸುತ್ತೂದ್ಕಿಂತ ಅದು ಚಲೋ" ಅಂದೆ. ನಗಲಿಲ್ಲ, ಆದರೆ ಬರುತ್ತೇನೆ ಅಂದಳು. ವಾಸಿಯಾಗುತ್ತದೆಯೇ? ನನಗೆ ಗೊತ್ತಿಲ್ಲ. ಮುಂದಿನ ಅಮಾವಾಸ್ಯೆಗೆ ನಿನ್ನ ಎಡೆಗೆ ಒಂದೇ ಚಮಚ ಹುಗ್ಗಿ ಇಡುತ್ತೇನೆ. ಇದು ಮಾತ್ರ ನನ್ನ ಕೈಯಲ್ಲಿರುವ ಮಾತು.

ಇಲ್ಲಿಂದ ಬೆಳಗಾವಿಗೆ ಹೋಗಲು ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಬೇಕು. ಆ ಮೂರು ಗಾಡಿಗಳು ಇನ್ನೂ ಅಲ್ಲೇ ನಿಲ್ಲುತ್ತವೆ. ಬೇರೆ ದಾರಿ ಇಲ್ಲ, ಅವುಗಳ ಮುಂದಿನಿಂದಲೇ ಹೋಗಬೇಕು. ಅವಳು ನಿಂತರೆ ನಾನೂ ಪಕ್ಕದಲ್ಲೇ ನಿಲ್ಲುತ್ತೇನೆ, ಅಣ್ಣಾ. ಈ ಸಲ ಮುಖ ತಿರುಗಿಸಿಕೊಳ್ಳುವುದಿಲ್ಲ.

ನಿನ್ನ ಕೈ ಸುಟ್ಟವನು,
ನಿನ್ನ ತಮ್ಮ