ಓಣಿ ತುಂಬ ಹಾಸು

ಗಜೇಂದ್ರಗಡ, ವೈಶಾಖ, ಸನ್ ೧೮೫೫

ಹೊಳೆಮಣ್ಣೂರಿನ ತಂಗಿಗೆ ಅಕ್ಕನ ಆಶೀರ್ವಾದ.

ನಿನ್ನ ಮೈದುನ ತೋಟಪ್ಪನು ಈ ಊರಿನ ಬಗ್ಗೆ ಹೇಳಿದ್ದನ್ನು ತಿದ್ದಬೇಕಾಗಿದೆ. ಇಲ್ಲಿಯ ನೇಕಾರರು ಅವನ ಗಾಡಿಯನ್ನು ತಡೆದದ್ದು ನಿಜ. ಪರವೂರಿನವನೆಂದು ತಡೆದರೆಂಬುದು ತಪ್ಪು. ಬೆಳಿಗ್ಗೆ ಇವರು ಓಣಿಯುದ್ದಕ್ಕೂ ಹಾಸಿನ, ಅಂದರೆ ಮಗ್ಗಕ್ಕೆ ಉದ್ದಕ್ಕೆ ಏರಿಸುವ, ಕೆಂಪು ನೂಲನ್ನು ಬಿಗಿದು, ಗಂಜಿ ಸವರಿ, ಬಿಸಿಲಿಗೆ ಒಣಗಿಸುತ್ತಾರೆ. ಊರಬಾಗಿಲ ಅಗಸಿಯಿಂದ ಗುಡಿಯವರೆಗೆ ಓಣಿಯೇ ಕೆಂಪಾಗಿರುತ್ತದೆ. ಅದು ಒಣಗುವವರೆಗೆ ಯಾರೂ ದಾಟುವಂತಿಲ್ಲ. ಇಂದು ಕೋಟೆಯ ಸವಾರನೊಬ್ಬನು ಬಂದಾಗ, ನೇಯುವ ರಾಜಮಾ ಕೈಯ ಕುಂಚವನ್ನೂ ಇಳಿಸದೆ, "ಹಾಸು ಇನ್ನೂ ಹಸಿ ಐತ್ರಿ, ಕುದುರಿ ಇಳದು ಕುಂದರ್ರಿ. ನಿಮ್ಮ ರುಮಾಲನೂ ಹಿಂಗ ಒಣಗಿ ಬಂದದ್ದು" ಎಂದಳು. ಅವನು ನಗುತ್ತ ಕಟ್ಟೆಯ ಮೇಲೆ ಕುಳಿತನು. ಮೂವತ್ತು ವರ್ಷ ಮನೆಯ ಜಗಲಿಯಲ್ಲಿ ಹುಡುಗರಿಗೆ ಅಕ್ಷರ ಕಲಿಸಿದ ನನ್ನ ಮಾತಿಗೂ ಯಾರೂ ಅಷ್ಟು ಬೇಗ ಕುಳಿತದ್ದಿಲ್ಲ.

ಇಲ್ಲಿ ಹೊಳೆಯಿಲ್ಲ, ಮಳೆಗಾಲದಲ್ಲಿಯೂ ನೆಲದಲ್ಲಿ ತೋಡಿದ ಮಗ್ಗದ ಕುಣಿಗೆ ನೀರು ನುಗ್ಗುವುದಿಲ್ಲ. ಅಲ್ಲಿ ನಿಮ್ಮ ಮಗ್ಗವು ಮೂರು ಸಲ ಮುಳುಗಿತು, ನಾಲ್ಕನೆಯದಕ್ಕೆ ಕಾಯಬೇಡಿರಿ. ರಾಜಮಾಳ ಗಂಡ ಇಸ್ಮಾಯಿಲಸಾಬನು ತನ್ನ ಪಡಸಾಲೆಯಲ್ಲಿ ಒಂದು ಕುಣಿಯನ್ನು ಬಿಟ್ಟುಕೊಡುತ್ತಾನೆ. ನಿರ್ಧಾರವನ್ನು ನನಗೆ ಬಿಟ್ಟಿದ್ದಿರಿ. ಮಳೆಗೆ ಮೊದಲೇ ಬರುವಿರೆಂದು ಮಾತು ಕೊಟ್ಟಿದ್ದೇನೆ.

ಗಾಡಿಯ ಕುಲುಕಿಗೆ ನನ್ನ ಮೊಣಕಾಲು ಬಾತಿದೆ; ಔಡಲ ಎಣ್ಣೆ ತನ್ನಿರಿ. ಟಪಾಲಿನವನು ಅವಸರಪಡಿಸುತ್ತಿದ್ದಾನೆ.

ನಿನ್ನ ಅಕ್ಕ ಚನ್ನವ್ವ

ಮಾತು ಕೊಟ್ಟಾಗ ಇದ್ದವರು: ಇಸ್ಮಾಯಿಲಸಾಬ, ರಾಜಮಾ, ನೆರೆಮನೆಯ ಗುರುಸಂಗಪ್ಪ, ಮತ್ತು ಆಗಲೇ ಆ ಕುಣಿಯನ್ನು ಗುಡಿಸತೊಡಗಿದ್ದ ಇಸ್ಮಾಯಿಲಸಾಬನ ಮುದುಕಿ ತಾಯಿ ಮದರಬಿ.